ಮುಷ್ಟಿ ಎತ್ತಿದರೆ ನಿಲ್ಲಬೇಕು

ಕೆಸರಿನಲ್ಲಿ ಗಾಡಿ ನಡೆಸುವವನಿಗೆ ಕಣ್ಣು ಇರುವುದು ದಾರಿ ನೋಡಲಿಕ್ಕಲ್ಲ, ಮುಂದೆ ನಡೆಯುವವರ ಕೈ ನೋಡಲಿಕ್ಕೆ. ಇದು ನಮ್ಮ ಅಪ್ಪನ ಮಾತು. ಹುಬ್ಬಳ್ಳಿಯಲ್ಲಿ ನಮ್ಮ ಗ್ಯಾರೇಜು ಇರುವ ಗಲ್ಲಿ ಎಷ್ಟು ಇಕ್ಕಟ್ಟೆಂದರೆ, ಲಾರಿ ಹಿಂದಕ್ಕೆ ತರುವಾಗ ಎರಡೂ ಕಡೆ ಗೋಡೆಗೆ ಒಂದು ಗೇಣು ಉಳಿದರೆ ಪುಣ್ಯ. ಪಕ್ಕದಲ್ಲಿ ತಗಡು ಬಡಿಯುವ ಸದ್ದು, ಎದುರಿಗೆ ವೆಲ್ಡಿಂಗಿನ ಸದ್ದು. ಕೂಗಿದರೆ ಯಾರಿಗೆ ಕೇಳಬೇಕು? ಅದಕ್ಕೇ ಅಪ್ಪ ಕೈಸನ್ನೆ ರೂಢಿ ಮಾಡಿದ್ದ. ಅಂಗೈ ಬೀಸಿದರೆ ಬಾ. ಬೆರಳು ಯಾವ ಕಡೆಗೋ ಸ್ಟೇರಿಂಗ್ ಆ ಕಡೆಗೆ. ಮುಷ್ಟಿ ಎತ್ತಿದರೆ ನಿಲ್ಲು. ಮೊದಲು ನಿಲ್ಲಬೇಕು, ಯಾಕೆ ಅಂತ ಆಮೇಲೆ ಕೇಳಬೇಕು. "ಖುದ್ದ ಶಿವಾ ಬಂದು ಬಾ ಅಂದ್ರೂ, ಮುಷ್ಟಿ ಇಳಿಯೂತನಾ ಗಾಡಿ ಅಲ್ಲಾಡಬಾರ್ದು" ಎನ್ನುತ್ತಿದ್ದ.

ಅಣ್ಣ, ನಾನು ಆ ಸನ್ನೆಯಲ್ಲೇ ಬೆಳೆದವರು. ಹೆಣ್ಣುಮಗಳಿಗೆ ಗ್ಯಾರೇಜಿನಲ್ಲಿ ಏನು ಕೆಲಸ ಅಂತ ಓಣಿಯವರು ಅಂದರು, ಅಂದು ಅಂದು ದಣಿದು ಸುಮ್ಮನಾದರು. ನನ್ನ ಬಾಯಿ ಸ್ವಲ್ಪ ಜೋರು, ಅದೂ ಅವರಿಗೆ ಗೊತ್ತಿತ್ತು.

"ಹುಬ್ಬಳ್ಳ್ಯಾಗ ಹುಟ್ಟಿದವ್ರು ಸಮುದ್ರದ ನಡುವ ಜೀಪ್ ಹೊಡಿಯಾಕ ಯಾಕ ಹೋಗಿದ್ರಿ?" ಅಂತ ಜನ ಇವತ್ತಿಗೂ ಕೇಳುತ್ತಾರೆ. ಅಂಡಮಾನಿನ ಒಂದು ಸಣ್ಣ ದ್ವೀಪದಲ್ಲಿ ವಸತಿಗೃಹ ಇಟ್ಟುಕೊಂಡ ಒಬ್ಬ ಯಜಮಾನ ನಮ್ಮಲ್ಲಿ ಎರಡು ಜೀಪು ಕಟ್ಟಿಸಿಕೊಂಡು ಹೋಗಿದ್ದ. ಬಂದವರನ್ನು ಕಾಡಿನೊಳಗೆ, ಸಮುದ್ರದಂಡೆಗೆ ಸುತ್ತಾಡಿಸುವ ಉದ್ಯೋಗ. ಉಪ್ಪುಗಾಳಿಗೆ ಜೀಪು ಬದುಕಬೇಕಾದರೆ ಕಟ್ಟಿದವರೇ ಕೂಡ ಇರಬೇಕು ಅಂತ ಅವನ ಹಟ. ಅಣ್ಣ ಹೊರಟು ನಿಂತ. ಮಗಳ ಸಾಲಿ ಬಿಡಿಸಿ ಅವನ ಹೆಂಡತಿ, ನಮ್ಮ ವೈನಿ, ಹೋಗುವ ಹಾಗಿರಲಿಲ್ಲ. "ಅವ್ರಿಗೆ ಹೊಟ್ಟಿ ಖಬರ ಇರೂದಿಲ್ಲ. ನೀ ಜೊತಿಗಿದ್ರ ನಾ ನಿಶ್ಚಿಂತಿಲೆ ಇರ್ತೇನಿ" ಎಂದು ನನ್ನನ್ನೂ ಕಳಿಸಿದರು. ನನಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ಹೋದೆ.

ಅಲ್ಲಿಯ ದಿನಚರಿ ಹೀಗೆ. ಬೆಳಿಗ್ಗೆ ಟೈರಿನ ಗಾಳಿ ಅರ್ಧಕ್ಕೆ ಇಳಿಸುವುದು. ಮೆತ್ತಗಾದ ಟೈರು ಮರಳಿನ ಮೇಲೆ ಅಗಲವಾಗಿ ಕೂತು ಹೂಳದೆ ನಡೆಯುತ್ತದೆ. ಆಮೇಲೆ ಹಳೆಯ ಮರಸಾಗಣೆ ದಾರಿಯಲ್ಲಿ ಗುಡ್ಡ ಹತ್ತಿ ಇಳಿದು, ಕಾಡಿನಂಚಿನಲ್ಲಿ ಸಮುದ್ರಕ್ಕೆ ಸೇರುವ ಒಂದು ಹಳ್ಳಕ್ಕೆ ಬರುವುದು. ನೀರು ಇಳಿದಾಗ ಅದರ ಕಲ್ಲಿನ ತಳ ಕಾಣುತ್ತದೆ. ಅಲ್ಲಿ ನಾನು ಇಳಿದು ಬಿದಿರು ಕೋಲಿನಿಂದ ತಳ ಕುಟ್ಟುತ್ತ ಮುಂದೆ ನಡೆಯಬೇಕು, ಅಣ್ಣ ನನ್ನ ಕೈ ನೋಡಿ ಗಾಡಿ ತರಬೇಕು. ದಾಟಿದರೆ ಆಚೆ ಬಿಳಿಯ ಮರಳದಂಡೆ, ಯಾರೂ ಇಲ್ಲದ ಸಮುದ್ರ. ಬಂದವರು ಕೂಗಾಡಿ ಕುಣಿಯುತ್ತಿದ್ದರು. ಅಣ್ಣ ಬಾನೆಟ್ ಮೇಲೆ ಕೂತು, ತಾನೇ ಆ ಸಮುದ್ರ ತೋಡಿಸಿದವನ ಹಾಗೆ ನಗುತ್ತಿದ್ದ. ಅಷ್ಟು ಸುಖದಿಂದ ಗಾಡಿ ನಡೆಸಿದವನನ್ನು ನಾನು ಬೇರೆ ಕಂಡಿಲ್ಲ.

ಆ ವರ್ಷ ಮಳೆಗಾಲ ಮುಗಿಯುವಾಗ ಒಂದು ಬಿರುಗಾಳಿ ಬಂತು. ಹಳ್ಳದ ಬಾಯಿ ಸರಿದುಹೋಯಿತು, ಕಲ್ಲಿನ ತಳ ಕೊಚ್ಚಿಹೋಗಿ ಅಲ್ಲಿ ಆಳುದ್ದದ ಗುಂಡಿ ಬಿತ್ತು. ದಾಟಬೇಕಾದರೆ ಮೇಲ್ಗಡೆ ಕಾಂಡ್ಲಾ ಗಿಡಗಳ ಪಕ್ಕದ ಬಯಲಿನಲ್ಲೇ ಹೋಗಬೇಕು. ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಲ್ಲುವ ಗಿಡಗಳು ಅವು. ಆ ಬಯಲಿಗೆ ನೀರು ಏರುವುದು ಅಮಾಸಿ ಹುಣ್ಣಿಮೆ ಆಸುಪಾಸಿನಲ್ಲಿ ಮಾತ್ರ. ಊರ ಬೋಟಿನವನು ನಮಗೆ ಬೇಕಾದ ಮನುಷ್ಯ. "ಹುಣ್ಣಿಮೆ ದಾಟಲಿ, ನೀರು ಬಂದು ಹೋಗಲಿ, ಆಮೇಲೆ ನೋಡೋಣ" ಎಂದು ತನ್ನ ಹಿಂದಿಯಲ್ಲಿ ಎರಡು ಸಲ ಹೇಳಿದ್ದ.

ಹುಣ್ಣಿಮೆಗೆ ಇನ್ನೂ ಎರಡು ದಿನ ಇರುವಾಗ ಗದಗಿನಿಂದ ಒಬ್ಬ ಹತ್ತಿ ವ್ಯಾಪಾರಿ, ಹೆಂಡತಿ ಮತ್ತು ತಾಯಿಯನ್ನು ಕರೆದುಕೊಂಡು ಬಂದ. ತಾಯಿಗೆ ಮೊಣಕಾಲು ನೋವು, ಆದರೂ ಜೀಪಿನಲ್ಲಿ ಮುಂದಿನ ಸೀಟೇ ಬೇಕು. ನಮ್ಮ ಮಾತು ಕೇಳಿ ಅಜ್ಜಿಗೆ ಹಿಗ್ಗೋ ಹಿಗ್ಗು. "ಎವ್ವಾ, ನೀರಿನ ನಡುವನೂ ನಮ್ಮ ಮಂದಿ ಅದಾರಲ್ಲ!" ಎಂದು ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ಅವಳಿಗೆ ಆ ದಂಡೆ ತೋರಿಸದೆ ಕಳಿಸಲು ಅಣ್ಣನಿಗೆ ಮನಸ್ಸಾಗಲಿಲ್ಲ.

ಮಧ್ಯಾಹ್ನ ನೀರು ಇಳಿದಾಗ ಬಯಲಿಗೆ ಬಂದೆವು. ನೋಡಿದರೆ ಇಡೀ ಬಯಲು ಬಿಸಿಲಿಗೆ ಒಣಗಿ ಬಿರುಕು ಬಿಟ್ಟು ಬಿದ್ದಿದೆ. ಕರಿ ಹೆಂಟೆ, ನಡುವೆ ಬೆರಳಗಲದ ಬಿರುಕು. ಅಜ್ಜಿ ಕೈ ಜೋಡಿಸಿದಳು.

"ನೋಡೋ ತಮ್ಮಾ, ಥೇಟ್ ನಮ್ಮ ಎರಿ ಹೊಲ!"

ಎರೆಮಣ್ಣಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ನೆಲ ಹಸಿಯಿದ್ದಾಗ ನಂಬಬಾರದು; ಎತ್ತಿನ ಕಾಲನ್ನೂ ಬಿಡುವುದಿಲ್ಲ. ಆದರೆ ಒಮ್ಮೆ ಬಿರುಕು ಬಿಟ್ಟಿತೋ, ತಳದವರೆಗೆ ಒಣಗಿದೆ ಅಂತಲೇ ಲೆಕ್ಕ, ತುಂಬಿದ ಲಾರಿ ಹೊಡೆದರೂ ಜಗ್ಗುವುದಿಲ್ಲ. ಹೊಳೆಯುವ ನೆಲ ನಂಬಬೇಡ, ಬಿರಿದ ನೆಲ ನಂಬು ಅಂತ ಅಪ್ಪ ಹೇಳಿಕೊಟ್ಟಿದ್ದ. ಆ ಬಿರುಕು ಕಂಡಾಗ ನನಗೂ ಎದೆ ಹಗುರಾಯಿತು, ಊರಿಗೆ ಬಂದಷ್ಟು ಸಂತೋಷವಾಯಿತು.

ಆದರೂ ರೂಢಿ ರೂಢಿಯೇ. ಕೋಲು ಹಿಡಿದು ಇಳಿದೆ. ಮೊದಲೆಲ್ಲ ಕೋಲು ಟಕ್ ಟಕ್ ಅಂತಿತ್ತು. ಗಿಡಗಳ ಬೇರು ಇರುವ ಕಡೆ ನೆಲ ಗಟ್ಟಿ ಇದ್ದೀತು ಅಂತ ಎಡಕ್ಕೆ ಸರಿದೆ. ಅಣ್ಣ ನಿಧಾನಕ್ಕೆ ಗಾಡಿ ಬಿಟ್ಟಿದ್ದ. ಒಂದು ಕಡೆ ಕೋಲು ಊರಿದ್ದೇ ತಡ, ಹೆಂಟೆ ಒಡೆದು ನನ್ನ ಮುಷ್ಟಿಯವರೆಗೆ ಒಳಗೆ ಹೋಯಿತು. ಕೊಳೆತ ನಾತ ಗಪ್ಪನೆ ಮೂಗಿಗೆ ಬಡಿಯಿತು. ಮೇಲಿನದು ಬರೀ ಸಿಪ್ಪೆ, ಕೆಳಗೆ ಅಂಬಲಿಯಂಥ ರಾಡಿ. ನಾನು ತಿರುಗಿ ಮುಷ್ಟಿ ಎತ್ತಿದೆ.

ಜೀಪು ನಿಲ್ಲಲಿಲ್ಲ.

ಇನ್ನೊಂದು ಕೈಯನ್ನೂ ಎತ್ತಿದೆ. ಎರಡೂ ಮುಷ್ಟಿ. ಅಣ್ಣ ನೇರ ಮುಂದೆ ನೋಡುತ್ತ, ಅಜ್ಜಿಯ ಕೂಡ ಏನೋ ಮಾತಾಡುತ್ತ ಬರುತ್ತಲೇ ಇದ್ದ. ಕೂಗಿದೆ, ಗಾಳಿ ಅವನ ಕಡೆಯಿಂದ ಬೀಸುತ್ತಿತ್ತು. ಮುಂದಿನ ಗಾಲಿಗಳ ಕೆಳಗೆ ನೆಲ ಹಪ್ಪಳದ ಹಾಗೆ ಮುರಿಯಿತು. ಗಾಡಿ ಮೂಗು ಮುಗ್ಗರಿಸಿ ಅಚ್ಚಿನವರೆಗೆ ಇಳಿದು ಕೂತಿತು.

ಆಮೇಲೆ ಮಾಡಬೇಕಾದ್ದೆಲ್ಲ ಮಾಡಿದೆವು. ಟೈರಿನ ಗಾಳಿ ಇನ್ನಷ್ಟು ಇಳಿಸಿದೆವು. ಗಾಲಿಯ ಮುಂದಿನ ರಾಡಿ ತೋಡಿ ಹಲಗೆ ಕೊಟ್ಟೆವು. ಗಾಲಿ ತಿರುಗಿದ್ದೇ ಹಲಗೆಯನ್ನೇ ನುಂಗಿತು. ಜಾಕ್ ಇಟ್ಟರೆ ಜಾಕೇ ಕೆಳಗೆ ಹೋಯಿತು. ಹಿಂದಿನಿಂದ ಹಗ್ಗ ಕಟ್ಟಿ ಒಂದು ಗಿಡಕ್ಕೆ ಬಿಗಿದು ಕೈರಾಟೆಯಿಂದ ಎಳೆದರೆ ಬೇರುಸಮೇತ ಗಿಡವೇ ನಮ್ಮ ಕಡೆ ಬಂತು. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಕುತ್ತಿಗೆವರೆಗೆ ಕೆಸರಾದರೂ ನಮಗೆ ಮಜ್ಜಿಗೆಯೂ ಸಿಗಲಿಲ್ಲ. ಅಷ್ಟರಲ್ಲಿ ಬಿರುಕುಗಳೊಳಗೆ ನೀರು ಹರಿದು ಬರಲು ಶುರುವಾಯಿತು. ಸಮುದ್ರ ಏರತೊಡಗಿತ್ತು.

"ಗಾಡಿ ಬಿಡು, ಮಂದೀನ್ ದಾಟಸೂಣು" ಎಂದೆ. ಅಣ್ಣ ಒಂದು ಗಳಿಗೆ ಸ್ಟೇರಿಂಗ್ ಹಿಡಿದೇ ನಿಂತ. ಆಮೇಲೆ ಬಗ್ಗಿ ಅಜ್ಜಿಯನ್ನು ಬೆನ್ನ ಮೇಲೆ ಕೂರಿಸಿಕೊಂಡ. ನಾನು ಕೋಲು ಊರುತ್ತ ಮುಂದೆ, ಅವನು ನನ್ನ ಹೆಗಲ ಮೇಲೆ ಒಂದು ಕೈ ಇಟ್ಟುಕೊಂಡು ಹಿಂದೆ, ವ್ಯಾಪಾರಿ ಮತ್ತು ಹೆಂಡತಿ ಅವನ ಹಿಂದೆ. ಭಾರಕ್ಕೆ ಆಸರೆ ಹಿಡಿದಿದ್ದಾನೆ ಅಂದುಕೊಂಡೆ. ಗಟ್ಟಿ ನೆಲ ಸಿಕ್ಕ ಮೇಲೂ ಅವನು ಕೈ ತೆಗೆಯಲಿಲ್ಲ.

ಎಲ್ಲರೂ ದಡ ಹತ್ತಿದ ಮೇಲೆ ನನ್ನ ಹೆದರಿಕೆ ಸಿಟ್ಟಾಗಿ ತಿರುಗಿತು. ಬಂದವರ ಎದುರಿಗೇ ಬಾಯಿ ಬಿಟ್ಟೆ.

"ಎರಡೂ ಕೈಲೆ ಮುಷ್ಟಿ ಎತ್ತೇನಿ! ಕಾಣಲಿಲ್ಲೇನ? ಕಣ್ಣ ಏನ್ ಕುರುಡ ಆಗ್ಯಾವೇನ ನಿನಗ?"

ಅವನು ತಲೆ ತಗ್ಗಿಸಿದ. "ಕಂಡಿತ್ತವಾ. ನೆಲದ ಬಿರುಕ ನೋಡಿ, ಇದು ನಮ್ಮ ನೆಲ, ನನಗ ಗೊತ್ತಿಲ್ಲೇನ ಅಂತ ಸೊಕ್ಕಿಲೆ ಹೊಡದೆ. ತಪ್ಪಾತು."

ಅಪ್ಪ ಕಲಿಸಿದ ಮುಷ್ಟಿಯನ್ನು ಸೊಕ್ಕಿನಿಂದ ಮೀರಿದನಲ್ಲ ಅಂತ ನನ್ನ ಮೈ ಉರಿಯಿತು. ಅಜ್ಜಿಯೇ ನಡುವೆ ಬಂದು, "ಬಿಡವಾ, ಮಾತು ನಾನ ತಗದೆ. ಹೊಲ ಹೊಲ ಅಂತ ನಾನ ಅಂದೆ" ಎಂದಳು. ದೂರದಲ್ಲಿ ನೀರು ಜೀಪಿನ ಸೀಟು ಮುಳುಗಿಸಿ ಸ್ಟೇರಿಂಗಿನ ಚಕ್ರದವರೆಗೆ ಬಂತು. ಅಪ್ಪ ಸಾಯುವ ಮುಂಚೆ ಕೈ ಹಚ್ಚಿದ ಕೊನೆಯ ಗಾಡಿ ಅದು. ನಾನು ಅಣ್ಣನ ಕೂಡ ಮಾತು ಬಿಟ್ಟೆ.

ಮರುದಿನ ನೀರು ಇಳಿದಾಗ ಬೋಟಿನವನೂ ಅವನ ಕಡೆಯವರೂ ಬಂದರು. ನಂಬುವಂಥ ಗಿಡ ಹತ್ತಿರ ಇರಲಿಲ್ಲ, ಅದಕ್ಕೆ ಗಟ್ಟಿ ಮರಳಿನಲ್ಲಿ ಎದೆಯುದ್ದದ ತಗ್ಗು ತೋಡಿ, ಒಂದು ದಿಮ್ಮಿಯನ್ನು ಅಡ್ಡಲಾಗಿ ಹೂತು, ಅದಕ್ಕೆ ರಾಟೆ ಕಟ್ಟಿದೆವು. ಹೂತ ದಿಮ್ಮಿ ಎಷ್ಟೆಳೆದರೂ ಏಳುವುದಿಲ್ಲ. ತೆಂಗಿನ ಕಾಂಡಗಳನ್ನು ಹಳಿಯ ಹಾಗೆ ಜೀಪಿನ ಕೆಳಗೆ ತೂರಿಸಿ, ಎರಡನೇ ಜೀಪಿನಿಂದ ಹಗ್ಗ ಎಳೆದು, ಗೇಣು ಗೇಣಾಗಿ ಹೊರಗೆ ತಂದೆವು. ದಡಕ್ಕೆ ಬಂದದ್ದೇ ಸಿಹಿನೀರು ಸುರಿದು ತೊಳೆದೆವು. ಉಪ್ಪು ಒಣಗುವ ಮೊದಲು ತೊಳೆಯದಿದ್ದರೆ ಇಂಜಿನ್ ಸತ್ತ ಹಾಗೆಯೇ. ಆಯಿಲ್ ಇಳಿಸಿದರೆ, ಉಪ್ಪುನೀರು ಬೆರೆತು ಹಾಲು ಹಾಕಿದ ಚಹಾದ ಬಣ್ಣ.

ಅಣ್ಣ ಇಂಜಿನ್ನಿನ ಮೇಲೆ ಬಗ್ಗಿದ್ದ, ನಾನು ಅವನ ಎಡಕ್ಕೆ ನಿಂತು ನಟ್ಟು ಬಿಚ್ಚುವ ಪಾನಾ ಚಾಚಿ ಹಿಡಿದಿದ್ದೆ.

"ಪಾನಾ ಕೊಡವಾ. ಸಿಟ್ಟಿದ್ರ ಇರ್ಲಿ, ಕೆಲಸಾದ್ರೂ ಮಾಡು" ಎಂದ.

ಪಾನಾ ಅವನ ಕಿವಿಯ ಪಕ್ಕದಲ್ಲೇ ಇತ್ತು. ನಾನು ಸುಮ್ಮನೆ ಹಿಡಿದೇ ನಿಂತೆ. ಅವನು ಎಡಗೈ ಚಾಚಿ ಗಾಳಿಯಲ್ಲಿ ತಡಕಾಡಿದ, ಬೆರಳು ಪಾನಾದ ಆಚೆ ಈಚೆ ಹೋಯಿತು. ರಜೆಗೆ ಊರಿಗೆ ಹೋಗಿದ್ದಾಗ ವೈನಿ ಹೇಳಿದ್ದು ನೆನಪಾಯಿತು: "ಬಾಗಿಲಕ್ಕ ಹಾಯ್ಕೋತಾರ, ತಂಬಿಗಿ ಒದಿತಾರ. ಅವ್ರ ಲಕ್ಷ್ಯಾನ ಇಲ್ಲಿ ಇರೂದಿಲ್ಲ ನೋಡು." ನಾವಿಬ್ಬರೂ ಆಗ ನಕ್ಕಿದ್ದೆವು.

ಪಾನಾ ಅವನ ಕೈಗೆ ಕೊಟ್ಟೆ. ಅಲ್ಲೇ ಪಕ್ಕದಲ್ಲಿ ನಿಂತು ಮುಷ್ಟಿ ಎತ್ತಿದೆ.

"ಪ್ಲಗ್ ಬಿಚ್ಚಿ ಡೀಸೆಲ್‌ನ್ಯಾಗ ನೆನಿ ಹಾಕು. ಲಗೂ ಆಗಬೇಕು" ಎನ್ನುತ್ತಿದ್ದ. ಮುಷ್ಟಿಯನ್ನು ಸ್ವಲ್ಪ ಮುಂದಕ್ಕೆ ತಂದೆ. ಅವನು ಮಾತಾಡುತ್ತಲೇ ಇದ್ದ. ಇನ್ನೂ ಮುಂದಕ್ಕೆ, ಅವನ ಮೂಗಿನ ನೇರಕ್ಕೆ ತಂದೆ. ಆಗ ಮಾತು ನಿಂತಿತು.

"ಯಾವಾಗಿಂದ?" ಎಂದೆ.

"ಹ್ವಾದ ವರ್ಷದಿಂದ. ಬದೀಗೆಲ್ಲಾ ಮಂಜ. ನಡುವ ಒಂದ ಬೆಳಕಿಂಡಿ ಐತಿ, ಅದರಾಗಿಂದ ನೋಡ್ತೇನಿ."

"ಮತ್ತ ಇಷ್ಟ ದಿನಾ ಹೆಂಗ ನಡಿಸಿದ್ಯೋ?"

"ದಾರಿ ಬಾಯಿಪಾಠ ಐತಿ. ಕಲ್ಲಿನ ಮ್ಯಾಲೆ ನೀ ನಟ್ಟನಡುವ ನಿಲ್ತಿದ್ದಿ, ನಿನ್ನ ಕೈ ಆ ಕಿಂಡ್ಯಾಗ ಬರ್ತಿತ್ತು. ನಿನ್ನೆ ಬದೀಗೆ ಸರದಿ." ಪಾನಾವನ್ನು ಒರೆಸುತ್ತ ಒರೆಸುತ್ತ ಹೇಳಿದ.

ಅಂದರೆ ನಿನ್ನೆ ದಡದಲ್ಲಿ ನಿನಗೆ ಕುರುಡೇನು ಅಂತ ನಾನು ಬೈದಾಗ, ಹೌದು ಅನ್ನುವ ಬದಲು ಸೊಕ್ಕಿನವನು ಅನ್ನಿಸಿಕೊಂಡಿದ್ದ. ಜನರೆದುರು ಸೊಕ್ಕು ಒಪ್ಪಿಕೊಳ್ಳುವುದು ಅವನಿಗೆ ಹಗುರಾಗಿತ್ತು. ನನಗೆ ಅಳು ತಡೆಯಲಿಲ್ಲ. ಕೆಸರುಗೈಯಲ್ಲೇ ಮುಖ ಒರೆಸಿಕೊಂಡೆ.

"ಯಾಕ ಹೇಳಲಿಲ್ಲೋ ಯಣ್ಣಾ?"

"ಹೇಳಿದ್ರ ಕೀಲಿ ಕಸಗೋತಿದ್ದಿ."

ಆ ರಾತ್ರಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ. ಬೆಳಿಗ್ಗೆ ಅವನೇ ಒಂದು ದಾರಿ ಹುಡುಕಿಕೊಂಡು ಬಂದ. ಕೈಸನ್ನೆ ಬೇಡ, ನಾನು ಪಕ್ಕದಲ್ಲಿ ಕೂತು ಬಾಯಿಂದ ಹೇಳಬೇಕು, ಅವನು ನಡೆಸಬೇಕು. "ನಿನ್ನ ಬಾಯಿ ಹೆಂಗೂ ಸುಮ್ನ ಇರೂದಿಲ್ಲ, ಉಪಯೋಗಾದ್ರೂ ಆಗ್ಲಿ" ಎಂದು ನಕ್ಕ. ಅವನು ನಕ್ಕನಲ್ಲ ಅಂತ ನಾನು ಒಪ್ಪಿದೆ. ಬಂದವರನ್ನು ಹತ್ತಿಸದೆ, ಎರಡನೇ ಜೀಪನ್ನು ಊರ ಕಡೆಯ ದಂಡೆಗೆ ಒಯ್ದೆವು.

ಎಡಕ್ಕ ಚೂರು. ಸೀದಾ. ಬಲಕ್ಕ, ಬಲಕ್ಕ, ಸಾಕು. ಏನು ಹೇಳಲಿ, ಎಂದಿಗಿಂತ ಚೆಂದ ನಡೆಸಿದ. ಬಿದ್ದ ಮರ ಸುತ್ತಿ ಬಂದ, ಅಲೆಯ ಅಂಚಿನಲ್ಲಿ ಹಸಿ ಮರಳು ಹಿಡಿದು ಹಾರಿಸಿದ. ನನ್ನ ಮಾತು ಬಾಯಿಂದ ಬೀಳುವ ಮೊದಲೇ ಗಾಡಿ ತಿರುಗುತ್ತಿತ್ತು. ಆಗೇಬಿಡುತ್ತದೆ, ಹೀಗೇ ನಡೆಸಬಹುದು, ಯಾರಿಗೂ ಹೇಳುವುದು ಬೇಡ ಅಂತ ನನಗೂ ಅನ್ನಿಸಿತು. ಸಂತೋಷಕ್ಕೆ ನಾನು ಸಮುದ್ರದ ಕಡೆ ನೋಡಿದೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಈ ಕಡೆ ತಿರುಗಿದರೆ, ದೋಣಿಯ ಮರೆಯಲ್ಲಿ ಬಲೆ ಹರವಿಕೊಂಡು ಕೂತ ಹೆಂಗಸೊಬ್ಬಳು ಎದ್ದು ಬಲಗಡೆಯಿಂದ ನಮ್ಮ ದಾರಿಗೆ ಬಂದಿದ್ದಳು.

"ನಿಂದ್ರ!"

ನಿಂತ. ಬಂಪರಿಗೂ ಅವಳಿಗೂ ನಡುವೆ ಒಂದು ಬುಟ್ಟಿ ಇಡುವಷ್ಟು ಜಾಗ ಉಳಿಯಿತು. ಅವಳು ಬೈದು ಬಲೆ ಎಳೆದುಕೊಂಡು ಹೋದಳು. ಅಣ್ಣ ಮಾತ್ರ ಮುಂದೆ ನೋಡುತ್ತ, "ಯಾರಿದ್ರು?" ಎಂದು ಕೇಳಿದ.

ಅವನು ಹಾಗೆ ಕೇಳಿದ ಮೇಲೆ ನನಗೆ ಬೇರೆ ದಾರಿ ಉಳಿಯಲಿಲ್ಲ. ಕೆಳಗಿಳಿದು ಗಾಡಿಯ ಮುಂದೆ, ನಟ್ಟನಡುವೆ, ಅವನ ಬೆಳಕಿಂಡಿಯ ನೇರಕ್ಕೆ ಹೋಗಿ ನಿಂತೆ. ಮುಷ್ಟಿ ಎತ್ತಿದೆ. ಅವನು ಇಂಜಿನ್ ಬಂದ್ ಮಾಡಿದ. ಯಾಕೆ ಅಂತ ಕೇಳಲಿಲ್ಲ. ನಾನು ಮುಷ್ಟಿ ಇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೀಲಿ ಕಿತ್ತು ಕೈ ಹೊರಗೆ ಚಾಚಿದ. ನಾನು ಹೋಗಿ ತೆಗೆದುಕೊಂಡೆ.

ಯಜಮಾನನಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಹುಬ್ಬಳ್ಳಿಗೆ ಬಂದೆವು. ವೈನಿ ಅವನನ್ನು ಸತ್ತೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ನಾನೂ ಹೋದೆ. ಡಾಕ್ಟರ್ ವಯಸ್ಸಾದವರು, ಬಹಳ ಹೊತ್ತು ಯಂತ್ರದೊಳಗೆ ಇಣುಕಿ ನೋಡಿದರು. ಕಣ್ಣೊಳಗಿನ ಒತ್ತಡ ಸದ್ದಿಲ್ಲದೆ ನರ ತಿಂದುಹಾಕಿದೆ ಎಂದರು. "ಹೋದದ್ದು ಬರೂದಿಲ್ರಿ. ಇದ್ದಷ್ಟು ಕಾಯ್ಕೋಬಹುದು. ಔಷಧದ ಹನಿ ಒಂದ ದಿನಾನೂ ತಪ್ಪಸಬ್ಯಾಡ್ರಿ."

"ಗಾಡಿ?" ಎಂದ ಅಣ್ಣ.

ಅವರು ಅವನ ಭುಜದ ಮೇಲೆ ಕೈ ಇಟ್ಟರು. ವೈನಿ ಹೊರಗೆ ಬಂದು ಗೋಡೆಗೆ ಆತು ನಿಂತು, "ತಂಬಿಗಿ ಒದ್ದಾಗ ನಾ ಬೈದೆನಲ್ಲ" ಎಂದು ಅತ್ತರು. ನಾನೂ ಬೈದಿದ್ದೆ, ನಾನೂ ಅತ್ತೆ.

ಗ್ಯಾರೇಜಿನಲ್ಲಿ ಅಣ್ಣ ದಿನವಿಡೀ ಬೆಂಚಿನ ಮೇಲೆ ಕೂತಿರುತ್ತಿದ್ದ. ಸದ್ದು ಕೇಳಿಯೇ ಯಾವ ಗಾಡಿ ಬಂತೆಂದು ಹೇಳುತ್ತಿದ್ದ, ಮಿಕ್ಕ ಹೊತ್ತು ಒರೆಸಿದ ಪಾನಾಗಳನ್ನೇ ಮತ್ತೆ ಒರೆಸುತ್ತಿದ್ದ. ಅದನ್ನು ನೋಡಲಾರದೆಯೇ ನಾನು ಇಲ್ಲಿ ಮಳೆಗಾಲದ ಸುತ್ತಾಟ ಶುರು ಮಾಡಿದ್ದು. ಹಳೆಯ ಜೀಪೊಂದನ್ನು ಸರಿಮಾಡಿಕೊಂಡು, ಕಲಘಟಗಿ ಕಡೆಯ ಕಾಡಂಚಿನ ದಾರಿ, ಒಂದು ಕೆರೆ, ಒಂದು ಹಳ್ಳ. ನಡೆಸುವವಳು ನಾನು. ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ಅವನು ಬರುತ್ತಿದ್ದ, ಆದರೆ ಇಳಿಯುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ದೇಶಪಾಂಡೆ ನಗರದ ಒಂದು ಮನೆಯವರನ್ನು ಕರೆದುಕೊಂಡು ಹೋಗಿದ್ದೆವು. ಹಳ್ಳದ ಹತ್ತಿರ ನಾನು ಕೋಲು ತೆಗೆದುಕೊಳ್ಳುವಷ್ಟರಲ್ಲಿ ಅಣ್ಣ ಬಾಗಿಲು ತೆರೆದು ಇಳಿದ.

"ಎಲ್ಲಿಗೋ?"

"ನೀ ನಡಸಾಕಿ. ಮುಂದ ನಡಿಯಾಕ ಒಬ್ರು ಬೇಕಲ್ಲ? ಕೋಲ ಕೊಡು."

ಕೊಟ್ಟೆ. ಮೊಣಕಾಲುದ್ದದ ನೀರು, ಕೆಳಗೆ ಗಟ್ಟಿ ಹಾಸುಗಲ್ಲು. ಆ ಹಳ್ಳವನ್ನು ನಾನು ಎಷ್ಟೋ ಸಲ ದಾಟಿದ್ದೆ. ಅಣ್ಣ ಪಾದ ಸವರಿಕೊಂಡು, ಕೋಲು ಕುಟ್ಟಿಕೊಂಡು, ಬಹಳ ನಿಧಾನಕ್ಕೆ ನಡೆದ. ನಡುವಿಗೆ ಹೋಗಿ ನಮ್ಮ ಕಡೆ ಬೆನ್ನು ಮಾಡಿಯೇ ಅಂಗೈ ಬೀಸಿದ. ನಾನು ಅವನ ಹೆಜ್ಜೆಯ ಹಿಂದೆ ಗಾಡಿ ಬಿಟ್ಟೆ. ಇನ್ನೇನು ಆಚೆ ದಡ ಅನ್ನುವಾಗ ಅವನ ಕೋಲು ಎಲ್ಲೋ ಸಿಕ್ಕಿತು. ಅವನು ಮುಷ್ಟಿ ಎತ್ತಿದ.

ಅಲ್ಲಿ ಏನೂ ಇರಲಿಲ್ಲ. ಕಲ್ಲಿನ ಸಂದಿಯಲ್ಲಿ ಕೋಲಿನ ತುದಿ ಸಿಕ್ಕಿಕೊಂಡದ್ದು ತಿಳಿನೀರಿನಲ್ಲಿ ನನಗೆ ಚೆನ್ನಾಗಿ ಕಾಣುತ್ತಿತ್ತು. ಹಿಂದೆ ಕೂತವರು, "ಮುಂದ ಛಲೋ ಐತಲ್ರಿ ಅಕ್ಕಾರ, ಹೊಡೀರಿ" ಎಂದರು.

ನಾನು ಬ್ರೇಕ್ ಒತ್ತಿದೆ. ಇಂಜಿನ್ ಬಂದ್ ಮಾಡಿದೆ.

ಬರೀ ಹಳ್ಳದ ಸಪ್ಪಳ. ಅಣ್ಣ ಮುಷ್ಟಿ ಎತ್ತಿಕೊಂಡೇ ನಮ್ಮ ಕಡೆ ತಿರುಗಿದ. ಅವನ ಮುಖ ಜೀಪನ್ನು ಹುಡುಕುತ್ತ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಹೊರಳಿತು.

"ನಿಂತಿಯೇನವಾ?" ಎಂದು ಕೇಳಿದ.

"ನಿಂತೇನಿ ಅಣ್ಣಾ" ಎಂದೆ.